ಒಂದೊಂದೇ ಇರುವ ಊರು

ಹೊಸ ಊರಿಗೆ ಬಂದ ಹನ್ನೆರಡನೆಯ ದಿನ ಪ್ಲಂಬರ್ ಒಬ್ಬರೊಂದಿಗೆ ಜಗಳವಾಡಿದೆ. ಬೆಳಗ್ಗೆ ಹತ್ತಕ್ಕೆ ಬರುತ್ತೇನೆಂದವರು ಮಧ್ಯಾಹ್ನ ಮೂರಕ್ಕೆ ಬಂದಿದ್ದರು. ಇಪ್ಪತ್ತು ವರ್ಷ ಮಹಾನಗರದಲ್ಲಿ ಬದುಕಿದವರಿಗೆ ಇಂಥ ಜಗಳದ ವರಸೆ ಚೆನ್ನಾಗಿ ಗೊತ್ತಿರುತ್ತದೆ. ಧ್ವನಿ ಏರಿಸಬೇಕು, ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಬೇಕು, ಕೊನೆಗೆ ‘ಇನ್ನು ನಿಮ್ಮನ್ನು ಕರೆಯುವುದಿಲ್ಲ’ ಎಂದು ಬಾಗಿಲು ಹಾಕಿಕೊಳ್ಳಬೇಕು. ಅಲ್ಲಿಗೆ ಆ ಮನುಷ್ಯನ ಋಣ ತೀರಿತು. ಮುಂದಿನ ಸಲಕ್ಕೆ ಬೇರೊಬ್ಬರು ಸಿಗುತ್ತಾರೆ. ನಾನೂ ಹಾಗೆಯೇ ಮಾಡಿದೆ. ಅವರು ಸ್ಪ್ಯಾನರ್‌ಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತ, ಮುಖದಲ್ಲಿ ಒಂದಿಷ್ಟೂ ಸಿಟ್ಟಿಲ್ಲದೆ, ‘ಆಯಿತು ಅಮ್ಮ, ಬೇಕಾದಾಗ ಕರೆಯಿರಿ’ ಎಂದು ಹೊರಟರು. ಕರೆಯುವುದಿಲ್ಲ ಎಂದು ಈಗಷ್ಟೇ ಹೇಳಿದೆನಲ್ಲ, ಕಿವಿ ಕೇಳಿಸುವುದಿಲ್ಲವೇ ಎಂದುಕೊಂಡೆ. ಆ ಸಮಾಧಾನದ ಅರ್ಥ ತಿಳಿಯಲು ಮೂರು ತಿಂಗಳು ಹಿಡಿಯಿತು.

ನಾವು ಮಹಾನಗರ ಬಿಟ್ಟದ್ದಕ್ಕೆ ದೊಡ್ಡ ಕಾರಣಗಳೇನೂ ಇರಲಿಲ್ಲ. ಮಗಳಿಗೆ ಒಂಬತ್ತು ತುಂಬಿತ್ತು, ಅವಳಿಗೆ ತನ್ನದೊಂದು ಕೋಣೆ ಬೇಕಿತ್ತು. ವಾರಕ್ಕೆ ಎರಡು ದಿನ ಬಂದರೆ ಸಾಕು ಎಂದು ನನ್ನ ಕಚೇರಿಯವರು ಹೇಳಿದ್ದರು. ಗಂಡ ಮನೆಯಿಂದಲೇ ಕೆಲಸ ಮಾಡುವವರು. ಅದೇ ಬಾಡಿಗೆಗೆ ಒಂದೂವರೆ ಗಂಟೆಯ ದೂರದಲ್ಲಿ ಎರಡು ಕೋಣೆ ಹೆಚ್ಚು ಸಿಗುತ್ತದೆ ಎಂದು ಗೊತ್ತಾದ ಮೇಲೆ ಉಳಿದದ್ದು ದಿನ ಗೊತ್ತುಮಾಡುವುದಷ್ಟೇ. ನಾವು ಆರಿಸಿಕೊಂಡ ಊರು ಮಹಾನಗರದ ನೆರಳಿನಲ್ಲಿಯೇ ಇತ್ತು. ಆದರೂ ಅದಕ್ಕೆ ತನ್ನದೇ ನಗರಸಭೆ, ತನ್ನದೇ ಆಸ್ಪತ್ರೆ, ತನ್ನದೇ ರೈಲು ನಿಲ್ದಾಣ ಇದ್ದವು. ಅದನ್ನು ಹಳ್ಳಿ ಎಂದರೆ ಅಲ್ಲಿಯವರಿಗೆ ಸಿಟ್ಟು ಬರುತ್ತಿತ್ತು, ನಗರ ಎಂದರೆ ನಮಗೆ ನಗು ಬರುತ್ತಿತ್ತು.

ನನ್ನ ಗಂಡನಿಗೆ ಯಾವ ನಿರ್ಧಾರದ ಹಿಂದೆಯೂ ಒಂದು ಇತಿಹಾಸ ಇರಬೇಕು. ಇದಕ್ಕೂ ಒಂದನ್ನು ಹುಡುಕಿ ತಂದರು. ಎಬನೀಜರ್ ಹೊವಾರ್ಡ್ ಎಂಬ ಇಂಗ್ಲೆಂಡಿನ ಶೀಘ್ರಲಿಪಿಕಾರ 1898ರಲ್ಲಿಯೇ ಇಂಥ ಊರುಗಳ ಕನಸು ಕಂಡಿದ್ದನಂತೆ. ಪಟ್ಟಣದ ಅನುಕೂಲ, ಹಳ್ಳಿಯ ಗಾಳಿ, ಎರಡೂ ಇರುವ ಊರು. ಜನಸಂಖ್ಯೆ ಸುಮಾರು 32,000. ಅದು ತುಂಬಿದರೆ ಪಕ್ಕದಲ್ಲಿ ಇನ್ನೊಂದು ಊರನ್ನು ಕಟ್ಟಬೇಕೇ ಹೊರತು ಇದನ್ನೇ ಹಿಗ್ಗಿಸಬಾರದು. 1903ರಲ್ಲಿ ಲಂಡನ್ನಿನ ಉತ್ತರಕ್ಕೆ ಲೆಚ್‌ವರ್ತ್ ಎಂಬಲ್ಲಿ ಅಂಥದೊಂದನ್ನು ಕಟ್ಟಲು ಶುರುಮಾಡಿಯೂ ಬಿಟ್ಟರು. ‘ನಾವು ಹೋಗುತ್ತಿರುವ ಊರನ್ನು ಯಾರೂ ಯೋಚನೆ ಮಾಡಿ ಕಟ್ಟಿದ ಹಾಗೆ ಕಾಣುವುದಿಲ್ಲವಲ್ಲ’ ಎಂದೆ. ‘ಆಕಾರ ಹೇಗಾದರೂ ಇರಲಿ, ಗಾತ್ರ ಮುಖ್ಯ’ ಎಂದರು. ಗಾತ್ರ ಮುಖ್ಯ ಎಂಬುದೇನೋ ನಿಜವಾಯಿತು. ಅದು ನಿಜವಾದ ಬಗೆಯನ್ನು ಮಾತ್ರ ಅವರೂ ಊಹಿಸಿರಲಿಲ್ಲ, ನಾನೂ ಊಹಿಸಿರಲಿಲ್ಲ.

ಮನೆ ನೋಡಲು ನಾಲ್ಕು ಸಲ ಹೋದೆವು. ಮೊದಲ ಸಲ ಭಾನುವಾರ ಬೆಳಗ್ಗೆ. ಭಾನುವಾರ ಬೆಳಗ್ಗೆ ಚೆನ್ನಾಗಿ ಕಾಣದ ಊರು ಭೂಮಿಯ ಮೇಲಿರಲಾರದು, ಆದ್ದರಿಂದ ಎರಡನೆಯ ಸಲ ಕೆಲಸದ ದಿನ, ಶಾಲೆ ಬಿಡುವ ಹೊತ್ತಿಗೆ ಹೋದೆವು. ಮೂರನೆಯ ಸಲ ಜೋರು ಮಳೆಯಲ್ಲಿ. ರಸ್ತೆಯ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಕೊಡೆ ಹಿಡಿದು ನಿಂತು ನೋಡಿದೆವು. ಅದೊಂದು ಬುದ್ಧಿವಂತಿಕೆಯ ಕೆಲಸ ಎಂದು ಈಗಲೂ ಬೆನ್ನು ತಟ್ಟಿಕೊಳ್ಳುತ್ತೇನೆ. ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿದೆವು, ಪ್ರತಿ ಕೋಣೆಯಲ್ಲಿಯೂ ಮೊಬೈಲ್ ಹಿಡಿದು ಸಿಗ್ನಲ್ ನೋಡಿದೆವು, ಕಿಟಕಿಗಳನ್ನು ತೆರೆದು ಮುಚ್ಚಿದೆವು. ನಾಲ್ಕನೆಯ ಸಲ ಕರಾರು ಪತ್ರಕ್ಕೆ ಸಹಿ ಹಾಕಿ ಹೊರಬಂದಾಗ ರಾತ್ರಿ ಎಂಟೂವರೆ. ರಸ್ತೆಯುದ್ದಕ್ಕೂ ಶಟರ್‌ಗಳು ಇಳಿದಿದ್ದವು. ಇವತ್ತು ಏನೋ ರಜೆ ಇರಬೇಕು ಎಂದುಕೊಂಡೆವು. ಗೋಡೆ, ನಲ್ಲಿ, ಚರಂಡಿಗಳನ್ನೆಲ್ಲ ತಟ್ಟಿ ನೋಡಿದವರು ಊರಿನ ಗಡಿಯಾರವನ್ನು ನೋಡಿರಲಿಲ್ಲ.

ಸಾಮಾನು ಕಟ್ಟಿದ ಕಥೆಯನ್ನು ಉದ್ದ ಮಾಡುವುದಿಲ್ಲ, ಎಲ್ಲರದೂ ಒಂದೇ ಕಥೆ. ಒಂದು ತಪ್ಪನ್ನು ಮಾತ್ರ ಒಪ್ಪಿಕೊಳ್ಳಬೇಕು. ಪೆಟ್ಟಿಗೆಗಳ ಮೇಲೆ ಮೊದಮೊದಲು ಶ್ರದ್ಧೆಯಿಂದ ಒಳಗಿರುವುದನ್ನು ಬರೆದೆ. ಕೊನೆಯ ರಾತ್ರಿ ಕೈ ಸೋತು ಹನ್ನೊಂದು ಪೆಟ್ಟಿಗೆಗಳ ಮೇಲೆ ‘ಇತರೆ’ ಎಂದು ಗೀಚಿದೆ. ಬದುಕಿಗೆ ನಿಜವಾಗಿ ಬೇಕಾದದ್ದೆಲ್ಲ ‘ಇತರೆ’ಯಲ್ಲಿಯೇ ಇರುತ್ತದೆ. ಕತ್ತರಿ, ಟಾರ್ಚ್, ಫೋನಿನ ಚಾರ್ಜರ್, ಗ್ಯಾಸ್ ಸಿಲಿಂಡರಿನ ಪುಸ್ತಕ, ಮಗಳ ಶಾಲೆಯ ವರ್ಗಾವಣೆ ಪತ್ರ. ಆ ಪತ್ರ ಒಂಬತ್ತನೆಯ ಪೆಟ್ಟಿಗೆಯಲ್ಲಿ ಸಿಕ್ಕಿತು.

ಆ ವಾರ ನಾನು ಎಲ್ಲದಕ್ಕೂ ಸಿಡುಕುತ್ತಿದ್ದೆ. ನನ್ನ ಗಂಡ ಸಮಾಧಾನ ಮಾಡಲೆಂದು ಒಂದು ಪಟ್ಟಿ ತೋರಿಸಿದರು. ಬದುಕಿನ ಘಟನೆಗಳು ಮನುಷ್ಯನ ಮೇಲೆ ಎಷ್ಟು ಒತ್ತಡ ಹೇರುತ್ತವೆ ಎಂದು ಅಳೆಯಲು 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು ಮಾಡಿದ ಪಟ್ಟಿ. ಒಟ್ಟು 43 ಘಟನೆಗಳು, ಒಂದೊಂದಕ್ಕೂ ಅಂಕ. ಸಂಗಾತಿಯ ಸಾವಿಗೆ 100. ಮನೆ ಬದಲಾವಣೆಗೆ ಬರೀ 20. ‘ನೋಡು, ಇಷ್ಟೇ’ ಎಂದರು. ನಾನು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಉಳಿದ ಸಾಲುಗಳನ್ನು ಓದಿದೆ. ಜೀವನ ಸ್ಥಿತಿಯಲ್ಲಿ ಬದಲಾವಣೆ 25. ಕೆಲಸದ ವೇಳೆ, ಪರಿಸ್ಥಿತಿಗಳಲ್ಲಿ ಬದಲಾವಣೆ 20. ಮನರಂಜನೆಯಲ್ಲಿ ಬದಲಾವಣೆ 19, ಜನರೊಂದಿಗಿನ ಒಡನಾಟದಲ್ಲಿ 18, ನಿದ್ರೆಯಲ್ಲಿ 16. ಮನೆ ಬದಲಾವಣೆ ಒಂಟಿಯಾಗಿ ಬರುವ ಅತಿಥಿಯಲ್ಲ, ನೆಂಟರಿಷ್ಟರನ್ನೆಲ್ಲ ಕರೆದುಕೊಂಡೇ ಬರುತ್ತದೆ. ಎಲ್ಲವನ್ನೂ ಕೂಡಿದೆ: 118. ‘ನೀವು ಸತ್ತರೆ 100’ ಎಂದು ಮೊತ್ತವನ್ನು ತೋರಿಸಿದೆ. ಸ್ವಲ್ಪ ಹೊತ್ತು ಅವರು ಮಾತನಾಡಲಿಲ್ಲ.

ನಿದ್ರೆಯ 16 ಅಂಕ ತೀರಾ ಕಡಿಮೆಯಾಯಿತು ಎಂಬುದು ನನ್ನ ದೂರು. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ, ಕಾವಲುಗಾರನಂತೆ ಅರೆ ಎಚ್ಚರದಲ್ಲಿರುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ನನ್ನ ಕಾವಲುಗಾರ ಮೂರು ವಾರ ಪಾಳಿ ಬಿಟ್ಟು ಕದಲಲಿಲ್ಲ. ನಿಶ್ಶಬ್ದ ಎಂದರೆ ಸದ್ದೇ ಇಲ್ಲದಿರುವುದು ಎಂದು ತಿಳಿದಿದ್ದೆ. ಹಾಗಲ್ಲ. ಹಳೆಯ ಮನೆಯಲ್ಲಿ ಸಾವಿರ ಸದ್ದುಗಳು ಬೆರೆತು ಒಂದೇ ಗುಂಯ್‌ಗುಡುವಿಕೆಯಾಗಿತ್ತು, ಅದನ್ನು ಹೊದ್ದು ಮಲಗಬಹುದಾಗಿತ್ತು. ಇಲ್ಲಿ ಒಂದೊಂದು ಸದ್ದೂ ಬಿಡಿಬಿಡಿಯಾಗಿ ಬರುತ್ತಿತ್ತು. ಯಾರೋ ಗೇಟಿನ ಅಗಳಿ ಹಾಕಿದರು. ಯಾರದೋ ಮನೆಯ ಮಗು ಕೆಮ್ಮಿತು. ದೂರದಲ್ಲಿ ರೈಲು. ಮತ್ತೆ ಅದೇ ಮಗು. ಯಾರ ಮಗು, ಔಷಧಿ ಕೊಟ್ಟರೋ ಇಲ್ಲವೋ ಎಂದು ಯೋಚಿಸುತ್ತ ನಾನು ಎಚ್ಚರವಾಗಿರುತ್ತಿದ್ದೆ.

ಮಗಳ ತಕರಾರು ಬೇರೆಯಾಗಿತ್ತು. ‘ಅಮ್ಮ, ಇಲ್ಲಿ ರಾತ್ರಿ ಯಾಕೆ ಇಷ್ಟು ಬೇಗ ಆಗುತ್ತದೆ?’ ಎಂದು ಕೇಳಿದಳು. ಸೂರ್ಯ ಎರಡೂ ಊರುಗಳಲ್ಲಿ ಒಂದೇ ಹೊತ್ತಿಗೆ ಮುಳುಗುತ್ತಾನೆ ಎಂದು ಅವಳಪ್ಪ ವಿವರಿಸಲು ಹೋದರು. ಅವಳು ಕೇಳಿದ್ದು ಸೂರ್ಯನ ಬಗ್ಗೆ ಅಲ್ಲ. ಎಂಟೂವರೆಯ ನಂತರ ಇಲ್ಲಿ ಏನೂ ಸಿಗುವುದಿಲ್ಲ. ಒಂದು ರಾತ್ರಿ ಒಂಬತ್ತಕ್ಕೆ ಅವಳಿಗೆ ಜ್ವರ ಬಂದಾಗ ಥರ್ಮಾಮೀಟರಿನ ಬ್ಯಾಟರಿ ಮುಗಿದಿತ್ತು. ಅಂಗೈಯನ್ನು ಹಣೆಯ ಮೇಲಿಟ್ಟು ಬೆಳಗಿನವರೆಗೆ ಲೆಕ್ಕ ಹಾಕಿದೆವು. ಮಹಾನಗರದಲ್ಲಿ ನೆನಪಾದಾಗ ಹೋಗಿ ತರುವುದೇ ನಮ್ಮ ಸಂಸಾರದ ನಿಯಮವಾಗಿತ್ತು, ಮರೆವು ಅಲ್ಲಿ ದೋಷವೇ ಅಲ್ಲ. ಇಲ್ಲಿ ಬಂದ ಮೇಲೆ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಮುಗಿಯುವುದಕ್ಕೆ ಮೊದಲೇ ಬರೆಯಬೇಕು, ಮುಗಿದ ಮೇಲೆ ಅಲ್ಲ. ಇದನ್ನು ಕಲಿಯಲು ನಲವತ್ತೆರಡು ವರ್ಷದವಳಿಗೆ ಎರಡು ತಿಂಗಳು ಬೇಕಾಯಿತು ಎಂದರೆ ನಾಚಿಕೆ, ಆದರೆ ನಿಜ.

ದಾರಿಗಳೂ ಹಾಗೆಯೇ. ನಮ್ಮ ಬಡಾವಣೆಯ ರಸ್ತೆಗಳು ಮರದ ಕೊಂಬೆಗಳ ಹಾಗೆ: ದೊಡ್ಡ ರಸ್ತೆಯಿಂದ ಸಣ್ಣದು, ಸಣ್ಣದರಿಂದ ಇನ್ನೂ ಸಣ್ಣದು, ಕೊನೆಗೆ ಒಂದು ಗೋಡೆ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಾಂಡದವರೆಗೆ ಇಳಿದು ಮತ್ತೆ ಹತ್ತಬೇಕು. ಮಗಳ ಶಾಲೆಯ ಗಂಟೆ ನಮ್ಮ ಅಂಗಳಕ್ಕೆ ಕೇಳಿಸುತ್ತದೆ, ಆದರೆ ರಸ್ತೆ ಹಿಡಿದು ಹೋದರೆ ಒಂದೂವರೆ ಕಿಲೋಮೀಟರ್. ಇದಕ್ಕೂ ಗಂಡನ ಬಳಿ ಇತಿಹಾಸ ಸಿದ್ಧವಾಗಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ 1929ರಲ್ಲಿ ತಲೆಯೆತ್ತಿದ ರಾಡ್‌ಬರ್ನ್ ಎಂಬ ಬಡಾವಣೆಯಲ್ಲಿ ಮನೆಗಳನ್ನು ಹೀಗೆಯೇ ಕುರುಡು ರಸ್ತೆಗಳ ಸುತ್ತ ಕಟ್ಟಿದರಂತೆ. ಮಕ್ಕಳು ಓಡಾಡುವ ಜಾಗದಲ್ಲಿ ಕಾರುಗಳು ನುಗ್ಗಬಾರದು ಎಂಬುದು ಉದ್ದೇಶ. ಅದಕ್ಕಾಗಿ ನಡೆಯುವವರಿಗೆ ಹಿಂಭಾಗದಲ್ಲಿ ಬೇರೆಯೇ ಕಾಲುದಾರಿಗಳನ್ನು ಬಿಟ್ಟಿದ್ದರು. ಆಮೇಲಿನವರು ಎಷ್ಟೋ ಕಡೆ ಕುರುಡು ರಸ್ತೆಗಳನ್ನು ಇಟ್ಟುಕೊಂಡು ಕಾಲುದಾರಿಗಳನ್ನು ಕೈಬಿಟ್ಟರು. ‘ಹಾಗಾದರೆ ನಮಗೆ ಸಿಕ್ಕಿದ್ದು ಅರ್ಧ ಇತಿಹಾಸ’ ಎಂದೆ. ಉಳಿದರ್ಧವನ್ನು ಮಗಳು ಕಂಡುಹಿಡಿದಳು. ನೀರಿನ ಟ್ಯಾಂಕಿನ ಹಿಂದೆ ಎರಡು ಕಾಂಪೌಂಡುಗಳ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದಿ ಇದೆ. ಶಾಲೆ ಆರು ನಿಮಿಷ. ಇದು ಇಲ್ಲಿಯ ಮಕ್ಕಳಿಗೆಲ್ಲ ಗೊತ್ತಂತೆ, ನಕ್ಷೆಗೆ ಗೊತ್ತಿಲ್ಲ.

ಕಚೇರಿಯ ಪ್ರಯಾಣದ ಬಗ್ಗೆ ನನಗೆ ಮೊದಲಿನಿಂದಲೂ ಭಯವಿತ್ತು. ಮುಂಚೆ ವಾರಕ್ಕೆ ಐದು ದಿನ, ಹೋಗಲು ಐವತ್ತು ನಿಮಿಷ, ಬರಲು ಐವತ್ತು: ಒಟ್ಟು 500 ನಿಮಿಷ. ಈಗ ಎರಡೇ ದಿನ, ಆದರೆ ಒಂದು ಕಡೆಗೆ 95 ನಿಮಿಷ: ಒಟ್ಟು 380. ಮನುಷ್ಯ ಯಾವ ಕಾಲದಲ್ಲಿದ್ದರೂ, ಕಾಲ್ನಡಿಗೆಯಲ್ಲಿ ಹೋದರೂ ಕಾರಿನಲ್ಲಿ ಹೋದರೂ, ದಿನಕ್ಕೆ ಸರಾಸರಿ ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾನೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದ್ದರು. ನನ್ನ 380ನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 54 ನಿಮಿಷ. ಕಾಗದದ ಮೇಲೆ ಮಾರ್ಕೆಟ್ಟಿಯವರು ಮೆಚ್ಚುವ ಹೆಂಗಸು ನಾನು. ಆದರೆ ಆಯಾಸ ಏಳು ದಿನಕ್ಕೆ ಹಂಚಿಕೊಂಡು ಬರುವುದಿಲ್ಲ. ಆ ಎರಡು ದಿನ ಮನೆ ಸೇರಿದ ಮೇಲೆ ನಾನು ಯಾರ ತಾಯಿಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಮೇಲಾಗಿ ರೈಲು ನಲವತ್ತು ನಿಮಿಷಕ್ಕೊಂದು. ಒಂದು ತಪ್ಪಿದರೆ ಇನ್ನೊಂದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ತಪ್ಪಿದರೆ ಕಟ್ಟೆಯ ಮೇಲೆ ಕೂರಬೇಕು.

ಕೂತೆ ಕೂಡ. ಕೂತಲ್ಲಿಯೇ ಈ ಊರಿನ ಗುಟ್ಟು ಮೆಲ್ಲಗೆ ಬಿಡಿಸಿಕೊಂಡಿತು.

ಮೊದಲ ತಿಂಗಳು ವಿಳಾಸ ಬದಲಾವಣೆಗೆಂದು ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಹೆಣ್ಣುಮಗಳು ಒಂದು ಜೆರಾಕ್ಸ್ ಪ್ರತಿಗಾಗಿ ನನ್ನನ್ನು ಎರಡು ಸಲ ಅಲೆಸಿದ್ದಳು, ನಾನು ಎರಡನೆಯ ಸಲ ಕಾಗದವನ್ನು ಮೇಜಿನ ಮೇಲೆ ಕುಕ್ಕಿದ್ದೆ. ಎರಡನೆಯ ತಿಂಗಳು ಶಾಲೆಯ ಪೋಷಕರ ಸಭೆಯಲ್ಲಿ ಅವಳು ನನ್ನ ಪಕ್ಕದ ಕುರ್ಚಿಯಲ್ಲಿದ್ದಳು. ಅವಳ ಮಗ ನನ್ನ ಮಗಳ ಬೆಂಚಿನವನು. ಮೂರನೆಯ ತಿಂಗಳು ದಂತವೈದ್ಯರ ಬಳಿ ಸರದಿಗಾಗಿ ಕಾಯುತ್ತಿದ್ದಾಗ ಅಲ್ಲಿಯೂ ಅವಳೇ. ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೂ ಅವಳೇ, ತಾಯಿಯ ಮನೆಗೆ ಹೊರಟಿದ್ದಳು. ನನ್ನ ಬೆನ್ನು ಹತ್ತಿದ್ದಾಳೆಯೇ ಎಂದು ಅನುಮಾನ ಬರುವಷ್ಟು. ವಿಷಯ ಸರಳವಾಗಿತ್ತು. ಈ ಗಾತ್ರದ ಊರಿನಲ್ಲಿ ಎಲ್ಲವೂ ಇದೆ, ಆದರೆ ಒಂದೊಂದೇ ಇದೆ. ಮಕ್ಕಳ ವೈದ್ಯರು ಒಬ್ಬರು, ಗ್ರಂಥಾಲಯ ಒಂದು, ಈಜುಕೊಳ ಒಂದು, ಕಣ್ಣಿನ ಆಸ್ಪತ್ರೆ ಒಂದು. ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು, ಹೊಸಬರನ್ನು ಕೂರಿಸಿಕೊಂಡು ಪೂರ್ವಾಪರ ಕೇಳುತ್ತಾರೆ. ಮಹಾನಗರದಲ್ಲಿ ಯಾರಿಗೂ ಯಾರೂ ಎರಡನೆಯ ಸಲ ಸಿಗುವುದಿಲ್ಲ. ಇಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ಆದರೆ ಸಿಕ್ಕವರೇ ಮತ್ತೆ ಮತ್ತೆ ಸಿಗುತ್ತಾರೆ. ಮೇಜಿನ ಮೇಲೆ ಕುಕ್ಕಿದ ಕಾಗದ ಮೂರು ಕಡೆ ಬಂದು ಎದುರು ನಿಲ್ಲುತ್ತದೆ.

ಸ್ನೇಹದ ವಿಷಯದಲ್ಲಿ ಆ ದಿನಗಳಲ್ಲಿ ನಾನು ತೀರಾ ಬಡವಿಯಾಗಿದ್ದೆ. ಹಳೆಯ ಗೆಳತಿಯರು ಮೊದಲ ತಿಂಗಳು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಫೋನ್ ಮಾಡಿದರು, ಆಮೇಲೆ ಹಬ್ಬ ಹುಟ್ಟುಹಬ್ಬಗಳಷ್ಟೇ ಉಳಿದವು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬವರು 2018ರಲ್ಲಿ ಪ್ರಕಟಿಸಿದ ಒಂದು ಲೆಕ್ಕವಿದೆ: ಪರಿಚಯದವರು ಸಾಧಾರಣ ಗೆಳೆಯರಾಗಲು ಒಟ್ಟಿಗೆ ಸುಮಾರು 50 ಗಂಟೆ ಕಳೆಯಬೇಕು, ಗೆಳೆಯರು ಎನ್ನಿಸಿಕೊಳ್ಳಲು 90, ಆಪ್ತರಾಗಲು 200ಕ್ಕೂ ಹೆಚ್ಚು. ವಾರಕ್ಕೊಂದು ಗಂಟೆ ಎಂದರೆ ಆಪ್ತ ಗೆಳತಿಗಾಗಿ ನಾಲ್ಕು ವರ್ಷ ಕಾಯಬೇಕಲ್ಲ ಎಂದು ಎದೆ ಕುಸಿಯಿತು. ಆದರೆ ಈ ಊರಿನಲ್ಲಿ ಗಂಟೆಗಳು ಚಿಲ್ಲರೆಯಾಗಿ ಕೈಗೆ ಬರುತ್ತವೆ. ಕಟ್ಟೆಯ ಮೇಲೆ ಹತ್ತು ನಿಮಿಷ, ಶಾಲೆಯ ಗೇಟಿನಲ್ಲಿ ಐದು, ದಂತವೈದ್ಯರ ಬಳಿ ಅರ್ಧ ಗಂಟೆ. ಬ್ಯಾಂಕಿನ ಹೆಣ್ಣುಮಗಳ ಜೊತೆ ನನ್ನ ಖಾತೆಯಲ್ಲಿ ಈಗ ಎಷ್ಟು ಗಂಟೆ ಜಮೆಯಾಗಿದೆಯೋ ಎಣಿಸಿಲ್ಲ. ಜೆರಾಕ್ಸಿನ ಮಾತನ್ನು ನಾವಿಬ್ಬರೂ ಇನ್ನೂ ಎತ್ತಿಲ್ಲ.

ಪ್ಲಂಬರ್ ವಿಷಯಕ್ಕೆ ಬರುತ್ತೇನೆ. ಮೂರನೆಯ ತಿಂಗಳ ಕೊನೆಯಲ್ಲಿ, ರಾತ್ರಿ ಹತ್ತು ಗಂಟೆಗೆ, ಬಚ್ಚಲುಮನೆಯ ಗೋಡೆಯೊಳಗಿನ ಪೈಪು ಒಡೆಯಿತು. ಮುಖ್ಯ ವಾಲ್ವ್ ತುಕ್ಕು ಹಿಡಿದು ತಿರುಗಲಿಲ್ಲ. ನೀರು ಹಜಾರದವರೆಗೆ ಬಂತು; ಇನ್ನೂ ಬಿಚ್ಚದ ಎರಡು ‘ಇತರೆ’ ಪೆಟ್ಟಿಗೆಗಳನ್ನು ಮಂಚದ ಮೇಲಕ್ಕೆ ಎತ್ತಿದೆವು. ನನ್ನ ಬಳಿ ಇನ್ನೊಬ್ಬ ಪ್ಲಂಬರಿನ ಸಂಖ್ಯೆ ಇತ್ತು, ಹಠ ಹಿಡಿದು ಹುಡುಕಿಟ್ಟುಕೊಂಡಿದ್ದೆ. ಎತ್ತಿದವನು ಹುಡುಗ. ವಿಳಾಸ ಕೇಳಿ, ‘ಆ ಕಡೆಯ ಪೈಪುಗಳೆಲ್ಲ ನಮ್ಮ ಮಾವನಿಗೆ ಗೊತ್ತು ಮೇಡಂ, ಅವರನ್ನೇ ಕಳುಹಿಸುತ್ತೇನೆ’ ಎಂದ. ಇಪ್ಪತ್ತು ನಿಮಿಷದಲ್ಲಿ ಬಾಗಿಲು ತೆರೆದರೆ ಅವರೇ ನಿಂತಿದ್ದರು, ಅದೇ ಚೀಲ.

ಅವರು ಹಳೆಯದನ್ನು ನೆನಪಿಸಲಿಲ್ಲ. ಪ್ಯಾಂಟು ಮಡಚಿಕೊಂಡು ನೇರವಾಗಿ ಹಿತ್ತಲಿಗೆ ಹೋದರು. ನಾವು ಕಂಡೇ ಇರದ ಇನ್ನೊಂದು ವಾಲ್ವನ್ನು ಮಣ್ಣಿನಡಿಯಿಂದ ಕೆದಕಿ ತೆಗೆದು ತಿರುಗಿಸಿದರು. ಮನೆ ತಟ್ಟನೆ ಮೌನವಾಯಿತು. ಆಮೇಲೆ ಒಂದೂವರೆ ಗಂಟೆ ಗೋಡೆ ಒಡೆದರು, ನಾನು ಟಾರ್ಚ್ ಹಿಡಿದು ನಿಂತಿದ್ದೆ. ಸುಮ್ಮನಿರಲಾಗದೆ, ‘ಅವತ್ತು ತಡವಾಗಿ ಬಂದಿದ್ದಿರಲ್ಲ’ ಎಂದು ಶುರುಮಾಡಿದೆ. ಕ್ಷಮೆ ಕೇಳಲು ಹೊರಟವಳ ಬಾಯಿಂದ ಆ ವಾಕ್ಯ ಯಾಕೆ ದೂರಿನಂತೆಯೇ ಹೊರಬಂತೋ. ಅವರು ತಿರುಗಿ ನೋಡದೆ, ‘ಟಾರ್ಚ್ ಸ್ವಲ್ಪ ಎಡಕ್ಕೆ ಅಮ್ಮ’ ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, ‘ಅವತ್ತು ಒಬ್ಬರ ಮನೆಯಲ್ಲಿ ಹೀಗೆಯೇ ನೀರು ನಿಂತಿತ್ತು. ಮುದುಕರಿಬ್ಬರೇ ಇದ್ದರು. ಬಿಟ್ಟು ಬರಲಾಗಲಿಲ್ಲ’ ಎಂದರು. ಫೋನ್ ಮಾಡಿ ಹೇಳಬಹುದಾಗಿತ್ತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನ್ಯಾಯವಾದ ಮಾತೇ, ಈಗಲೂ ಹಾಗೆಯೇ ಅನ್ನಿಸುತ್ತದೆ. ನುಂಗಿಕೊಂಡೆ.

ಈ ಊರಿನಲ್ಲಿ ಎಲ್ಲವೂ ಒಗ್ಗಿದೆ ಎಂದರೆ ಸುಳ್ಳಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಸುಮ್ಮನೆ ನಾಲ್ಕು ಹೆಜ್ಜೆ ನಡೆದುಬರುವ ಸುಖ ಹೋಯಿತು. ನಾಟಕ, ಸಂಗೀತ ಎಂದರೆ ಈಗ ಅದೊಂದು ದಂಡಯಾತ್ರೆ, ಕೊನೆಯ ರೈಲಿಗಾಗಿ ಮಂಗಳ ಮುಗಿಯುವ ಮೊದಲೇ ಎದ್ದು ಬರಬೇಕು. ಮಗಳು ಸಂದಿಯಲ್ಲಿ ಬಿದ್ದು ಮಂಡಿ ತರಚಿಕೊಂಡ ಸುದ್ದಿ ಅವಳಿಗಿಂತ ಮೊದಲೇ ಮನೆ ತಲುಪುತ್ತದೆ. ಒಳ್ಳೆಯದೇ, ಆದರೆ ನಾನು ಕಚೇರಿಗೆ ರಜೆ ಹಾಕಿ ಮಲಗಿದ ಸುದ್ದಿಯೂ ಹಾಗೆಯೇ ಹರಡುತ್ತದೆ. ಅಪರಿಚಿತರ ನಡುವೆ ಅಪರಿಚಿತಳಾಗಿ ಇರುವುದರಲ್ಲಿ ಒಂದು ವಿಶ್ರಾಂತಿ ಇತ್ತು, ಅದು ಕಳೆದುಹೋದ ಮೇಲೆ ತಿಳಿಯಿತು.

ಮೊನ್ನೆ ಎದುರಿನ ಮನೆಗೆ ಹೊಸಬರು ಬಂದರು, ನಮ್ಮ ಹಾಗೆಯೇ ಮಹಾನಗರ ಬಿಟ್ಟವರು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಅವರ ಗೇಟಿನಲ್ಲಿ ಗಲಾಟೆ ಕೇಳಿ ಕಿಟಕಿಗೆ ಹೋದೆ. ಆ ಮನೆಯಾತ ಕೈಗಡಿಯಾರವನ್ನು ಬೆರಳಿನಿಂದ ತಟ್ಟುತ್ತ ಕೂಗಾಡುತ್ತಿದ್ದ. ಬೆಳಗ್ಗೆ ಹತ್ತಕ್ಕೆ ಹೇಳಿದ್ದಂತೆ. ಎದುರಿಗೆ ಚೀಲ ಹಿಡಿದು ನಮ್ಮ ಪ್ಲಂಬರ್. ಬೈಗುಳ ಮುಗಿಯುವವರೆಗೆ ಕಾದು, ತಲೆಯಾಡಿಸಿ, ಸೈಕಲ್ಲಿನ ಕಡೆಗೆ ತಿರುಗಿದರು. ತಿರುಗುವಾಗ ಕಿಟಕಿಯಲ್ಲಿ ನನ್ನನ್ನು ಕಂಡರು. ನಾನು ಪರದೆಯನ್ನು ಅರ್ಧ ಎಳೆದುಕೊಂಡೆ. ಹತ್ತರಿಂದ ಎರಡೂವರೆಯವರೆಗೆ ಅವರು ನಮ್ಮ ತಾರಸಿಯ ಮೇಲೆ ಟ್ಯಾಂಕಿನ ಕೆಲಸದಲ್ಲಿದ್ದರು.